ಇಪ್ಪತ್ನಾಲ್ಕು ಗಾವುದ, ಐದು ಹೊಳಿ

ನಮ್ಮ ಅವ್ವ ದೂರವನ್ನು ಹೊಳೆಗಳ ಲೆಕ್ಕದಲ್ಲಿ ಕೇಳುತ್ತಾಳೆ. ಮನೆಯಲ್ಲಿ ಯಾರು ಯಾವ ಊರಿಗೆ ಹೊರಟರೂ ಅವಳದು ಒಂದೇ ಪ್ರಶ್ನೆ: "ದಾರ್‍ಯಾಗ ಎಷ್ಟ್ ಹೊಳಿ ಬರ್ತಾವಪಾ?" ಚಂದಾಪುರದವರಿಗೆ ಈ ಅಳತೆ ವಿಚಿತ್ರವೆನಿಸದು. ಮುಲ್ಲಾಮಾರಿಯ ಈ ದಂಡೆಗೆ ಚಂದಾಪುರ, ಆ ದಂಡೆಗೆ ಚಿಂಚೋಳಿ. ಬೇಸಿಗೆಯಲ್ಲಿ ಎರಡೂ ಊರು ಒಂದಕ್ಕೊಂದು ಕೂಗಳತೆಯಲ್ಲಿವೆ. ಅವ್ವ ಸಣ್ಣಾಕಿ ಇದ್ದಾಗ ಮಳೆಗಾಲದಲ್ಲಿ ಹೊಳೆ ದಂಡೆ ಮೀರಿ ಬಂದರೆ ಅದೇ ಚಿಂಚೋಳಿ ಎರಡು ದಿನದ ದೂರವಾಗುತ್ತಿತ್ತಂತೆ. ಹೊಳೆ ಇಳಿಯುವ ತನಕ ಸಂತೆ ಇಲ್ಲ, ಸಾಲಿ ಇಲ್ಲ, ಬೀಗರ ಮನೆಯ ಸುದ್ದಿಯೂ ಇಲ್ಲ. ಅಂಥವಳಿಗೆ ಕಿಲೋಮೀಟರ್ ಎಂಬುದು ಕಲ್ಲಿನ ಮೇಲೆ ಬರೆದ ಅಂಕಿ. ದೂರವೆಂದರೆ ದಾಟಬೇಕಾದ ನೀರು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಅವಳ ಮರಿಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ರಾತ್ರಿಯಿಡೀ ರೈಲಿನಲ್ಲಿ ಕೂರುವುದು ಅವಳ ಮೊಣಕಾಲಿಗೆ ಆಗದ ಮಾತು. ಕಲಬುರಗಿಯಿಂದ ವಿಮಾನದಲ್ಲಿ ಹೋಗೋಣವೆಂದೆ. ಅವ್ವ ಹೆದರಲಿಲ್ಲ, ಬೇಡವೆನ್ನಲೂ ಇಲ್ಲ. ಎಲೆ ಅಡಕಿ ಮಡಚುತ್ತ ತನ್ನ ಪ್ರಶ್ನೆಯನ್ನೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಟಿಕೆಟಿನಲ್ಲಿ ಇದ್ದದ್ದು ಒಂದು ಗಂಟೆ ಹತ್ತು ನಿಮಿಷ ಎಂಬ ಒಂದು ಸಾಲು ಮಾತ್ರ. ಅಂದು ರಾತ್ರಿ ಮಕ್ಕಳ ಭೂಪಟದ ಪುಸ್ತಕ, ಒಂದು ಅಡಿಪಟ್ಟಿ, ಒಂದು ಪೆನ್ಸಿಲ್ ಹಿಡಿದು ಕುಳಿತೆ. ಎರಡು ವಿಮಾನ ನಿಲ್ದಾಣಗಳ ನಡುವೆ ಎಳೆದ ಆ ಒಂದು ಗೆರೆ ನನಗೆ ಉಣಿಸಿದ ಸವಿಯನ್ನು ಇಂದಿಗೂ ಮೆಲುಕು ಹಾಕುತ್ತೇನೆ.

ಗೆರೆಯ ಮೇಲಿನ ತುದಿ ಶ್ರೀನಿವಾಸ ಸರಡಗಿ. ಕಲಬುರಗಿಯಿಂದ ಸೇಡಂ ಕಡೆ ಹೋಗುವ ದಾರಿಯಲ್ಲಿ ತೊಗರಿ ಹೊಲಗಳ ನಡುವೆ ಇರುವ ಊರು. ಇಲ್ಲಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿದ್ದದ್ದು 2008ರಲ್ಲಿ. ಕೆಳಗಿನ ತುದಿಯಾದ ದೇವನಹಳ್ಳಿಯ ನಿಲ್ದಾಣ ಶುರುವಾದದ್ದೂ ಅದೇ ವರ್ಷದ ಮೇ ತಿಂಗಳಿನಲ್ಲಿ. ಅಲ್ಲಿ ವಿಮಾನಗಳು ಇಳಿದು ಏರುತ್ತಿದ್ದ ಹನ್ನೊಂದು ವರ್ಷ ನಮ್ಮ ಕಡೆ ಬಯಲಿನಲ್ಲಿ ಗಾಳಿ ಮಾತ್ರ ಬೀಸುತ್ತಿತ್ತು. 2019ರ ನವೆಂಬರ್ 22ರಂದು ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ನಿಲ್ದಾಣವನ್ನು ಉದ್ಘಾಟಿಸಿದರು. ಅದೇ ದಿನ ಸ್ಟಾರ್ ಏರ್ ಸಂಸ್ಥೆಯ ವಿಮಾನ ಬೆಂಗಳೂರಿಗೂ ಕಲಬುರಗಿಗೂ ನಂಟು ಬೆಸೆಯಿತು. ಮೂರು ಕಿಲೋಮೀಟರಿಗೂ ಉದ್ದದ ಓಡುದಾರಿ ಎರಿ ಭೂಮಿಯ ಎದೆಯ ಮೇಲೆ ಪೂರ್ವ ಪಶ್ಚಿಮವಾಗಿ ಮಲಗಿದೆ.

ಈಗ ಗೆರೆಗೆ ಬರುತ್ತೇನೆ. ಶ್ರೀನಿವಾಸ ಸರಡಗಿಯ ಅಕ್ಷಾಂಶ ಹದಿನೇಳು ಡಿಗ್ರಿಗಿಂತ ತುಸು ಮೇಲೆ, ದೇವನಹಳ್ಳಿಯದು ಹದಿಮೂರಕ್ಕಿಂತ ತುಸು ಮೇಲೆ. ರೇಖಾಂಶದಲ್ಲಿ ಮುಕ್ಕಾಲು ಡಿಗ್ರಿಯಷ್ಟೇ ಅಂತರ. ಅಂದರೆ ಗೆರೆ ಹೆಚ್ಚು ಕಡಿಮೆ ನೆಟ್ಟಗೆ ದಕ್ಷಿಣಕ್ಕೆ ಇಳಿಯುತ್ತದೆ, ಪೂರ್ವಕ್ಕೆ ಒಂದಿಷ್ಟು ಮಾತ್ರ ವಾಲುತ್ತದೆ. ಲೆಕ್ಕ ಹಾಕಿದರೆ ಸುಮಾರು 460 ಕಿಲೋಮೀಟರ್. ವೈಮಾನಿಕರು ಇದನ್ನು ನಾವಿಕ ಮೈಲಿಯಲ್ಲಿ ಹೇಳುತ್ತಾರೆ: ಸುಮಾರು 250. ಒಂದು ನಾವಿಕ ಮೈಲಿ ಎಂದರೆ 1,852 ಮೀಟರ್. ಆ ಅಂಕಿ ಎಲ್ಲಿಂದ ಬಂತು ಎಂದು ತಿಳಿದಾಗ ನನಗೆ ಮೈ ಜುಮ್ಮೆಂದಿತು. ಭೂಮಿಯ ಗುಂಡನ್ನು 360 ಡಿಗ್ರಿಯಾಗಿಸಿ, ಒಂದೊಂದು ಡಿಗ್ರಿಯನ್ನು ಅರವತ್ತು ಕಲೆಗಳಾಗಿಸಿದರೆ, ಉತ್ತರ ದಕ್ಷಿಣವಾಗಿ ಒಂದು ಕಲೆಯ ಉದ್ದವೇ ಒಂದು ನಾವಿಕ ಮೈಲಿ. ನಮ್ಮ ದಾರಿ ನೆಟ್ಟಗೆ ದಕ್ಷಿಣಕ್ಕಿರುವುದರಿಂದ ಮೈಲಿಯ ಲೆಕ್ಕವೂ ಅಕ್ಷಾಂಶದ ಲೆಕ್ಕವೂ ಬಹುತೇಕ ಒಂದೇ ಆಗಿಬಿಡುತ್ತವೆ. ಭೂಮಿಯ ಮೈಯ ಅಳತೆಯನ್ನೇ ಅಡಿಪಟ್ಟಿ ಮಾಡಿಕೊಂಡು ಹಾರುವ ದಾರಿ ಇದು.

ಇದನ್ನು ಆಕಾಶದಲ್ಲೂ ನೋಡಬಹುದು. ಧ್ರುವ ನಕ್ಷತ್ರ ಒಂದು ಊರಿನಲ್ಲಿ ದಿಗಂತದಿಂದ ಎಷ್ಟು ಡಿಗ್ರಿ ಮೇಲಿರುತ್ತದೆಯೋ ಆ ಊರಿನ ಅಕ್ಷಾಂಶ ಹೆಚ್ಚು ಕಡಿಮೆ ಅಷ್ಟೇ. ಕಲಬುರಗಿಯಿಂದ ಬೆಂಗಳೂರಿಗೆ ಹೋದವನಿಗೆ ಧ್ರುವ ನಾಲ್ಕು ಡಿಗ್ರಿ ಕೆಳಗಿಳಿದಿರುತ್ತದೆ. ಕೈ ಉದ್ದಕ್ಕೆ ಚಾಚಿ ಎರಡು ಬೆರಳು ಅಡ್ಡ ಹಿಡಿದರೆ ಎಷ್ಟು ಮರೆಯಾಗುತ್ತದೆಯೋ ಅಷ್ಟು. ಪೂರ್ವಕ್ಕೆ ಮುಕ್ಕಾಲು ಡಿಗ್ರಿ ಸರಿದದ್ದಕ್ಕೂ ಫಲವಿದೆ: ದೇವನಹಳ್ಳಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಕಲಬುರಗಿಗಿಂತ ಮೂರು ನಿಮಿಷ ಮುಂಚೆ. ಗಡಿಯಾರ ಎರಡೂ ಕಡೆ ಒಂದೇ ಹೊತ್ತು ತೋರಿಸಿದರೂ ನೆರಳು ತನ್ನ ಊರಿನ ಹೊತ್ತನ್ನು ಬಿಟ್ಟುಕೊಡುವುದಿಲ್ಲ.

ಇಂಥ ಲೆಕ್ಕಗಳಿಗೆ ಈ ನೆಲ ಹೊಸತಲ್ಲ. ಓಡುದಾರಿಯಿಂದ ಪೂರ್ವಕ್ಕೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿ, ಕಾಗಿಣಾ ದಂಡೆಯ ಮೇಲೆ ಮಳಖೇಡ ಇದೆ. ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳಿ ಮಹಾವೀರಾಚಾರ್ಯ ಒಂಬತ್ತನೆಯ ಶತಮಾನದಲ್ಲಿ 'ಗಣಿತಸಾರಸಂಗ್ರಹ' ಬರೆದ. ಅದೇ ಅರಸನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯ ತನಕ ಅಳೆಯಿತು. ಆ ಕವಿಯೂ ದೂರವನ್ನು ಹೊಳೆಗಳಿಂದಲೇ ಅಳೆದದ್ದು ನೋಡಿ! ಅವ್ವನ ಅಡಿಪಟ್ಟಿ ಹನ್ನೊಂದು ನೂರು ವರ್ಷಕ್ಕೂ ಹಳೆಯದು.

ಕನ್ನಡಕ್ಕೆ ದೂರದ ಮಾತುಗಳೂ ಕಡಿಮೆಯಿಲ್ಲ. ಗೇಣು, ಮೊಳ, ಮಾರು, ಕೂಗಳತೆ, ಹರದಾರಿ, ಗಾವುದ. ಒಂದೊಂದರಲ್ಲೂ ಮನುಷ್ಯನ ಮೈ ಇದೆ: ಬೆರಳು, ಮೊಣಕೈ, ಚಾಚಿದ ತೋಳು, ಗಂಟಲು, ನಡೆಯುವ ಕಾಲು. ಹರದಾರಿ ಎಂದರೆ ಮೂರು ಮೈಲಿ, ಗಾವುದ ಎಂದರೆ ಹನ್ನೆರಡು ಮೈಲಿ. ಹಾಗೆ ಎಣಿಸಿದರೆ ನಮ್ಮ ಗೆರೆ ಇಪ್ಪತ್ನಾಲ್ಕು ಗಾವುದ. ಕಾಲ್ನಡಿಗೆಯವನಿಗೆ ದಿನಕ್ಕೊಂದು ಗಾವುದ ಎಂದರೂ ಇಪ್ಪತ್ನಾಲ್ಕು ದಿನ. ವಿಮಾನಕ್ಕೆ ಒಂದು ಗಾವುದ ಎರಡು ಮೂರು ನಿಮಿಷ. ಬಾಯಲ್ಲಿ ಹಾಕಿದ ಎಲೆ ಅಡಕಿಯ ರಸ ಇಳಿಯುವಷ್ಟರಲ್ಲಿ ಒಂದು ಗಾವುದ ಹಿಂದೆ ಬಿದ್ದಿರುತ್ತದೆ.

ಇಲ್ಲಿ ಒಂದು ಸೊಗಸಾದ ತೊಡಕಿದೆ. ಗಂಟೆಗೆ 800 ಕಿಲೋಮೀಟರ್ ಓಡುವ ಸಣ್ಣ ಜೆಟ್ ವಿಮಾನಕ್ಕೆ 460 ಕಿಲೋಮೀಟರಿಗೆ ಮೂವತ್ತೈದು ನಿಮಿಷ ಸಾಕು. ಟಿಕೆಟಿನಲ್ಲಿ ಎಪ್ಪತ್ತು ನಿಮಿಷ ಏಕೆ? ವಿಮಾನದ ಹೊತ್ತನ್ನು ಎಣಿಸುವುದು ನಿಂತ ಜಾಗದಿಂದ ಕದಲಿದಾಗಿನಿಂದ ಮತ್ತೆ ನಿಂತ ಜಾಗ ಸೇರುವ ತನಕ. ಓಡುದಾರಿಯ ತುದಿಗೆ ತೆವಳುವುದು, ಗಾಳಿಗೆ ಎದುರಾಗಿ ಏರುವುದು, ಆಮೇಲೆ ದಾರಿಗೆ ಹೊರಳುವುದು, ಎತ್ತರ ಗಳಿಸುವ ತನಕ ನಿಧಾನ, ಇಳಿಯುವಾಗ ಮತ್ತೆ ನಿಧಾನ, ದೊಡ್ಡ ನಿಲ್ದಾಣದ ಬಾಗಿಲಲ್ಲಿ ಸರದಿ, ಇಳಿದ ಮೇಲೆ ಮತ್ತೆ ತೆವಳುವುದು. ಪೂರ್ಣ ವೇಗದಲ್ಲಿ ಓಡುವ ಹೊತ್ತು ನಡುವಿನ ಒಂದು ತುಂಡು ಮಾತ್ರ. ಬೆಂಗಳೂರಿನಿಂದ ದಿಲ್ಲಿಗೆ ಹೋಗುವವರು ಈ ತುದಿಗಳನ್ನು ಗಮನಿಸುವುದೇ ಇಲ್ಲ, ನಡುವಿನ ಉದ್ದ ಅವನ್ನು ನುಂಗಿಬಿಡುತ್ತದೆ. ನಮ್ಮಂಥ ಸಣ್ಣ ದಾರಿಯಲ್ಲಿ ಏರಿಕೆ, ಓಟ, ಇಳಿಕೆ ಮೂರೂ ಹೆಚ್ಚು ಕಡಿಮೆ ಸಮಪಾಲು. ಆಲಾಪ, ಗತ್ತು, ಮುಕ್ತಾಯ ಎಲ್ಲವೂ ಅಳತೆಗೆ ತಕ್ಕಷ್ಟಿರುವ ಸಣ್ಣ ಬಂದಿಶ್ ಕೇಳಿದಂತೆ. ಇನ್ನೊಂದು ಮಾತು: ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ದೇವನಹಳ್ಳಿಯ ನಿಲ್ದಾಣ 915 ಮೀಟರ್ ಎತ್ತರದಲ್ಲಿದೆ. ಏರಿದಷ್ಟು ನಾವು ಇಳಿಯುವುದೇ ಇಲ್ಲ. ಅರ್ಧ ಕಿಲೋಮೀಟರಿನಷ್ಟು ಎತ್ತರ ನಮ್ಮ ಪಾಲಿಗೆ ಉಳಿದುಬಿಡುತ್ತದೆ. ಇಳಿದ ಕೂಡಲೇ ಮುಖಕ್ಕೆ ತಾಗುವ ತಂಪಿನಲ್ಲಿ ಆ ಎತ್ತರದ ಪಾಲಿದೆ.

ಅಡಿಪಟ್ಟಿ ಕೈಯಲ್ಲಿದ್ದಾಗ ನಮ್ಮ ಊರನ್ನೂ ಅಳೆದೆ. ಚಂದಾಪುರದಿಂದ ಕಲಬುರಗಿಯ ನಿಲ್ದಾಣ ನೆಟ್ಟ ಗೆರೆಯಲ್ಲಿ ಐವತ್ತು ಕಿಲೋಮೀಟರಿನ ಆಸುಪಾಸು. ಉತ್ತರಕ್ಕೆ ಬೀದರ್‌ನ ನಿಲ್ದಾಣವೂ ಹೆಚ್ಚು ಕಡಿಮೆ ಅಷ್ಟೇ. ಬೀದರ್‌ನದು ವಾಯುಪಡೆಯ ನೆಲೆ, ಸೂರ್ಯಕಿರಣ ತಂಡದ ಮನೆ. 2020ರ ಫೆಬ್ರವರಿಯಿಂದ ಅಲ್ಲಿ ನಾಗರಿಕ ವಿಮಾನಗಳೂ ಇಳಿದವು. ಪೂರ್ವಕ್ಕೆ ಶಂಶಾಬಾದ್ ನೂರಹತ್ತು. ಚಂದಾಪುರ ಹೀಗೆ ಮೂರು ಓಡುದಾರಿಗಳ ನಡುವೆ ಕುಳಿತ ಊರು. ದೇವನಹಳ್ಳಿ ನಮ್ಮೂರಿಗೆ ಇನ್ನೂ ನೇರ ದಕ್ಷಿಣ. ಆದರೆ ನೆಲದ ದಾರಿ ಗೆರೆಯ ಮಾತು ಕೇಳುವುದಿಲ್ಲ. ಸುಲೇಪೇಟ, ಸೇಡಂ, ಮಳಖೇಡ ಎಂದು ಊರೂರನ್ನು ಮಾತಾಡಿಸಿಕೊಂಡು ಹೋಗುವ ರಸ್ತೆಗೆ ಕಲಬುರಗಿ ನಿಲ್ದಾಣದ ಆ ಐವತ್ತು ಕಿಲೋಮೀಟರ್ ಎಂಬತ್ತರ ಹತ್ತಿರವಾಗುತ್ತದೆ. ನಾವು ನಸುಕಿನಲ್ಲೇ ಹೊರಟೆವು. ಚಂದಾಪುರದಿಂದ ಸರಡಗಿಗೆ ಹಿಡಿದ ಹೊತ್ತು, ಸರಡಗಿಯಿಂದ ಬೆಂಗಳೂರಿಗೆ ಹಿಡಿದ ಹೊತ್ತಿಗಿಂತ ಹೆಚ್ಚು.

ಐವತ್ತು ಆಸನದ ಪುಟ್ಟ ವಿಮಾನ. ನಡುದಾರಿಯ ಬಲಕ್ಕೆ ಎರಡೆರಡು ಆಸನ, ಎಡಕ್ಕೆ ಒಂದೊಂದೇ. ಅವ್ವನನ್ನು ಎಡಗಡೆಯ ಒಂಟಿ ಆಸನದಲ್ಲಿ ಕೂರಿಸಿದೆ. ಕಿಟಕಿಯೂ ಅವಳದೇ, ನಡುದಾರಿಯೂ ಅವಳದೇ. ನಾನು ಈಚೆ ಕುಳಿತು ಅವಳ ಕಡೆ ಬಾಗಿದೆ. ಮಾರ್ಗಶಿರದ ಮುಂಜಾನೆ, ಮೂಡಣ ಗಾಳಿ. ವಿಮಾನ ಪೂರ್ವಕ್ಕೇ ಏರಿತು. ಒಂದೆರಡು ನಿಮಿಷ ಅವ್ವನ ಕಿಟಕಿ ಉತ್ತರಕ್ಕೆ ತೆರೆದಿತ್ತು. ಹೂ ಬಿಟ್ಟ ತೊಗರಿಯ ಹಸಿರು ಹಳದಿ ತುಂಡುಗಳು, ಜೋಳದ ತುಂಡುಗಳು, ನಡುವೆ ಕಪ್ಪು ನೆಲ. ಅವ್ವನೇ ಹೊಲಿದ ಕೌದಿಯನ್ನು ಹಾಸಿದ ಹಾಗೆ. ಅದರಾಚೆ ಮಂಜಿನಲ್ಲಿ ನಮ್ಮೂರಿನ ದಿಕ್ಕು. ಆಮೇಲೆ ವಿಮಾನ ಬಲಕ್ಕೆ ವಾಲಿತು, ಅವಳ ಕಿಟಕಿಯ ತುಂಬ ಬರೀ ಆಕಾಶ. ಮತ್ತೆ ನೆಟ್ಟಗಾದಾಗ ಕೆಳಗೆ ಕಲ್ಲಿನ ಗಣಿಗಳು. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಬರುವುದು ಇಲ್ಲಿಂದಲೇ. ಮೇಲಿನಿಂದ ನೋಡಿದರೆ ಅವು ಬೂದು ಬಣ್ಣದ ಮೆಟ್ಟಿಲಿನ ಬಾವಿಗಳು, ತಳದಲ್ಲಿ ಪಾಚಿಹಸಿರು ನೀರು. ದೂರದಲ್ಲಿ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು.

ಇಪ್ಪತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಮೊದಲನೆಯ ಹೊಳೆ. ಬಿಸಿಲಿಗೆ ಒಮ್ಮೆ ಮಿಂಚಿತು.

"ಅವ್ವ, ಇದು ಕಾಗಿಣಾ."

"ನಮ್ಮ ಹೊಳಿ ಇದ್ರಾಗೇ ಕೂಡ್ತದಲ್ಲ?"

"ಹೂಂ ಅವ್ವ."

ಮುಲ್ಲಾಮಾರಿ ಕಾಗಿಣಾ ಸೇರುತ್ತದೆ ಎಂಬುದನ್ನು ನಾನು ಭೂಪಟದಲ್ಲಿ ನೋಡಿ ತಿಳಿದಿದ್ದೆ. ಅವಳಿಗೆ ಅದು ಮೊದಲೇ ಗೊತ್ತಿತ್ತು. ಅವಳು ಒಂದು ಬೆರಳು ಮಡಿಸಿದಳು.

ವಾಡಿ ಜಂಕ್ಷನ್ನಿನ ಹಳಿಗಳ ಜಡೆ ಕೆಳಗೆ ಎಲ್ಲೋ ಸರಿದುಹೋಯಿತು. ಸುಮಾರು ಅರವತ್ತು ಕಿಲೋಮೀಟರಿಗೆ ಭೀಮೆ. ಕಾಗಿಣಾ ಶಹಾಬಾದ್ ದಾಟಿ ಹೊನಗುಂಟದ ಬಳಿ ಭೀಮೆಯನ್ನು ಕೂಡಿರುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಇರುವುದು ಇದೇ ಭೀಮೆಯ ದಂಡೆಗೆ. ಅಶೋಕನ ಶಾಸನ ಸಿಕ್ಕ ನೆಲ ಅದು. ಪಕ್ಕದ ಕನಗನಹಳ್ಳಿಯ ಸ್ತೂಪದ ಕಲ್ಲಿನಲ್ಲಿ ಅಶೋಕನ ರೂಪವೂ ಅವನ ಹೆಸರೂ ಇವೆ. ಇಷ್ಟು ಎತ್ತರದಿಂದ ಸ್ತೂಪ ಕಾಣುವುದಿಲ್ಲ, ಭೀಮೆ ತಿರುವು ಹಾಕಿ ಮಲಗಿರುವುದು ಮಾತ್ರ ಕಾಣುತ್ತದೆ. ಎರಡನೆಯ ಬೆರಳು.

ನೂರು ಕಿಲೋಮೀಟರಿಗೆ ಕೃಷ್ಣೆ. ಈ ದಾರಿಯ ಮುಕುಟಮಣಿ ಇಲ್ಲಿದೆ, ಅದೂ ಎಡಗಡೆಯ ಕಿಟಕಿಗೇ. ನಾವು ಕೃಷ್ಣೆಯನ್ನು ದಾಟುವ ಜಾಗದಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಭೀಮೆ ಬಂದು ಅವಳನ್ನು ಸೇರುತ್ತಾಳೆ. ಎರಡು ಬೆಳ್ಳಿಯ ಎಳೆಗಳು ಒಂದಕ್ಕೊಂದು ಹತ್ತಿರ ಸರಿಯುತ್ತ ಬಂದು, ಬಂಡೆಗಳ ನಡುವೆ ಅಗಲವಾಗಿ, ಒಂದೇ ಎಳೆಯಾಗಿ ಮುಂದೆ ಹೋಗುವುದನ್ನು ಕಣ್ಣು ಮಿಟುಕಿಸದೆ ನೋಡಿದೆವು. ಅದರಾಚೆ ಶಕ್ತಿನಗರದ ವಿದ್ಯುತ್ ಸ್ಥಾವರದ ಹೊಗೆ ನೇರವಾಗಿ ನಿಂತಿತ್ತು. ಅವ್ವ ಗಾಜಿಗೆ ಹಣೆ ಹಚ್ಚಿ ಕುಳಿತಿದ್ದಳು.

"ಹಂಗಾದ್ರ ನಮ್ಮ ನೀರು ಇಲ್ಲಿತನ ಬಂದದ," ಎಂದಳು.

ಅವಳ ಮಾತಿನಿಂದ ನನ್ನ ಗೆರೆಗೆ ಜೀವ ಬಂತು. ಮುಲ್ಲಾಮಾರಿ ಕಾಗಿಣೆಗೆ, ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ. ನಾವು ದಾಟಿದ ಮೊದಲ ಎರಡು ಹೊಳೆಗಳ ನೀರು, ಕಣ್ಣೆದುರಿನ ಆ ಕೂಡಲಿನ ಮೂಲಕ, ಮೂರನೆಯದಕ್ಕೆ ಸೇರುತ್ತಿತ್ತು. ನಮ್ಮ ಮನೆಯ ಹಿಂದೆ ಹರಿಯುವ ನೀರು ಹೆಸರು ಬದಲಿಸುತ್ತ ನಮ್ಮ ಜೊತೆಗೇ ಬಂದಿತ್ತು. ನೀರಿಗೆ ಇಷ್ಟು ದೂರಕ್ಕೆ ದಿನಗಳೇ ಬೇಕು, ನಮಗೆ ಕಾಲು ಗಂಟೆ ಸಾಕಾಗಿತ್ತು.

ಕೃಷ್ಣೆಯಿಂದ ತುಂಗಭದ್ರೆಗೆ ಈ ಗೆರೆಯ ಮೇಲೆ ಅರವತ್ತು ಕಿಲೋಮೀಟರ್. ಹಾರುವವರಿಗೆ ಐದು ನಿಮಿಷದ ನೆಲ. ಇದೇ ರಾಯಚೂರು ದೋಆಬ್. ಈ ಐದು ನಿಮಿಷದ ನೆಲಕ್ಕಾಗಿ ವಿಜಯನಗರವೂ ಬಹಮನಿಯೂ, ಆಮೇಲೆ ಬಿಜಾಪುರವೂ ತಲೆಮಾರುಗಟ್ಟಲೆ ಕಾದಾಡಿದವು. 1520ರಲ್ಲಿ ಕೃಷ್ಣದೇವರಾಯ ಆದಿಲ್ ಶಾಹಿಯನ್ನು ಸೋಲಿಸಿದ್ದು ಇಲ್ಲೇ. ಮೇಲಿನಿಂದ ಕಾಣುವುದು ಕಾಲುವೆ, ಗದ್ದೆ, ಅಲ್ಲಲ್ಲಿ ಕೋಟೆ ಹೊತ್ತ ಬಂಡೆಗುಡ್ಡ. ನೀರಿನ ನಡುವಿನ ನೆಲಕ್ಕೆ ಇರುವ ಬೆಲೆ ಇಷ್ಟು ಎತ್ತರದಿಂದಲೂ ತಿಳಿಯುತ್ತದೆ.

ಅಂದು ತುಂಗಭದ್ರೆ ಮಂಜಿನಲ್ಲಿ ಅಡಗಿದ್ದಳು. ಎಡಕ್ಕೆ ಮಂತ್ರಾಲಯ ಬರುತ್ತದೆ ಎಂದಾಗ ಅವ್ವ ಕಾಣದ ದಿಕ್ಕಿಗೇ ಕೈ ಮುಗಿದು ನಾಲ್ಕನೆಯ ಬೆರಳು ಮಡಿಸಿದಳು. ಅಲ್ಲಿಂದ ಕೆಳಗೆ ಗೆರೆ ಆಂಧ್ರದ ಮೇಲೆ ಹಾಯುತ್ತದೆ. ಆದೋನಿ, ಗುಂತಕಲ್ಲು ಸರಿಯಾಗಿ ಅದರಡಿಗೆ ಬರುತ್ತವೆ, ಅನಂತಪುರ ತುಸು ಎಡಕ್ಕೆ. ವಿಮಾನ ಗೆರೆಯಿಂದ ಅತ್ತಿತ್ತ ಸರಿಯಬಹುದು, ಊರುಗಳ ಸರಣಿ ಬದಲಾಗದು. ಹೆಸರುಗಳನ್ನು ಒಂದೊಂದಾಗಿ ಓದಿದಾಗ ಹೊಳೆಯಿತು: ಇದು ನಮ್ಮ ರೈಲಿನ ದಾರಿ! ವಾಡಿ, ಯಾದಗಿರಿ, ರಾಯಚೂರು, ಮಂತ್ರಾಲಯ ರೋಡ್, ಆದೋನಿ, ಗುಂತಕಲ್ಲು, ಅನಂತಪುರ, ಹಿಂದೂಪುರ. ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಉದ್ಯಾನ ಎಕ್ಸ್‌ಪ್ರೆಸ್ಸಿನ ಕಿಟಕಿಯಲ್ಲಿ ರಾತ್ರಿಯಿಡೀ ಕೇಳಿದ ಈ ಹೆಸರುಗಳು, ಚಹಾ ಮಾರುವವರ ಕೂಗಿನ ಜೊತೆ ಬೆರೆತ ಹೆಸರುಗಳು, ಈಗ ಹಗಲಿನಲ್ಲಿ ನಿಶ್ಶಬ್ದವಾಗಿ ಕೆಳಗೆ ಬಿಚ್ಚಿಕೊಂಡವು. ಕತ್ತಲೆಯಲ್ಲಿ ಎಷ್ಟೋ ಸಲ ದಾಟಿದ ದಾರಿಯ ಮುಖವನ್ನು ನಾನು ನೋಡಿದ್ದು ಅಂದೇ ಮೊದಲು. ರಾಜ್ಯದ ಗಡಿ ಅಲ್ಲಿ ಕಾಣಲಿಲ್ಲ. ಆದೋನಿ, ಮಡಕಶಿರಾ ಕಡೆ ಇಂದಿಗೂ ಕನ್ನಡ ಆಡುವ ಮನೆಗಳಿವೆ ಎಂಬುದು ನೆನಪಾಯಿತು.

ಮಣ್ಣು ಬಣ್ಣ ಬದಲಿಸುವುದು ಈ ಹಾರಾಟದ ಇನ್ನೊಂದು ಸೊಬಗು. ಭೀಮೆಯ ಕಡೆ ಕಾಡಿಗೆಯಂಥ ಎರಿ. ತುಂಗಭದ್ರೆಯಾಚೆ ಅದು ತುಂಡು ತುಂಡಾಗುತ್ತ, ಕೆಂಪು ಬೆರೆಯುತ್ತ, ಅನಂತಪುರದ ಹೊತ್ತಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಆ ಕೆಂಪಿನ ನಡುವೆ ಐದನೆಯ ಹೊಳೆ, ಉತ್ತರ ಪಿನಾಕಿನಿ. ನೀರಿಗಿಂತ ಮರಳೇ ಹೆಚ್ಚು. ಅವ್ವ ಅದನ್ನೂ ಹೊಳಿ ಎಂದೇ ಎಣಿಸಿದಳು. ಸ್ವಲ್ಪ ಹೊತ್ತಿಗೆ ಆ ಹೊಳೆ ಹುಟ್ಟುವ ನಂದಿಬೆಟ್ಟದ ಸಾಲು ಎಡಕ್ಕೆ ಎದ್ದು ನಿಂತಿತು. 1,478 ಮೀಟರ್ ಎತ್ತರದ ಬೆಟ್ಟ ಅದು. ಅದರ ಬುಡದಲ್ಲಿ ದ್ರಾಕ್ಷಿ ತೋಟಗಳು, ಹೂವಿನ ಹಸಿರುಮನೆಗಳ ಬಿಳಿ ಹೊದಿಕೆಗಳು. ನೆಲ ನಮ್ಮ ಕಡೆಗೆ ಎದ್ದು ಬಂತು, ಗಾಲಿ ತಾಗಿತು.

ಈ ದೂರಕ್ಕೆ ಒಂದು ಸಾಮಾಜಿಕ ಬೆಲೆಯೂ ಇದೆ. 2016ರಲ್ಲಿ ಕೇಂದ್ರ ಸರಕಾರ ರೂಪಿಸಿದ ಉಡಾನ್ ಯೋಜನೆ, ಸುಮಾರು 500 ಕಿಲೋಮೀಟರಿನ ಒಂದು ಗಂಟೆಯ ಹಾರಾಟವನ್ನೇ ಅಳತೆಗೋಲಾಗಿಟ್ಟು, ಒಂದಿಷ್ಟು ಆಸನಗಳಿಗೆ 2,500 ರೂಪಾಯಿಯ ಮಿತಿ ಹಾಕಿತು. ನಮ್ಮ ಇಪ್ಪತ್ನಾಲ್ಕು ಗಾವುದ ಆ ಅಳತೆಯೊಳಗೆ ಸರಿಯಾಗಿ ಕೂರುತ್ತದೆ. ಮೊಣಕಾಲು ನೋಯುವ ಮುದುಕಿಗೆ ಮರಿಮಗಳ ತೊಟ್ಟಿಲು ಎಟುಕಿದ್ದು ಹೀಗೆ. ವಿಮಾನಗಳ ವೇಳೆ ಬದಲಾಗಬಹುದು, ಸಂಸ್ಥೆಗಳು ಬದಲಾಗಬಹುದು. ಒಮ್ಮೆ ತೆರೆದ ಈ ದಾರಿ ಮುಚ್ಚಬಾರದು, ಸೇಡಂ ಚಿಂಚೋಳಿಯ ಮನೆಗಳಿಗೆ ಅದು ಬೇಕು.

ತೊಟ್ಟಿಲಿನ ಹತ್ತಿರ ಹೆಂಗಸರು ಹಾಡಿ ಮುಗಿಸಿದ ಮೇಲೆ ಅವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. "ಐದು ಹೊಳಿ ದಾಟಿ ಬಂದೀನಿ ತಂಗಿ, ನಿನ್ನ ನೋಡ್ಲಿಕ್ಕೆ," ಎಂದಳು. ಪಕ್ಕದಲ್ಲಿದ್ದವರು ಎಷ್ಟೊತ್ತಾಯಿತು ಎಂದು ಕೇಳಿದ್ದಕ್ಕೆ ಅವಳು ಕೈ ಎತ್ತಿ ಮಡಿಸಿದ ಐದೂ ಬೆರಳು ತೋರಿಸಿದಳು.

ಓದುಗರಲ್ಲಿ ನನ್ನದೊಂದು ಕೇಳಿಕೆ. ಕಲಬುರಗಿಯಿಂದ ಬೆಂಗಳೂರಿಗೆ ಹಗಲಿನಲ್ಲಿ ಹಾರುವ ಅವಕಾಶ ಸಿಕ್ಕರೆ ಎಡಗಡೆಯ ಕಿಟಕಿ ಕೇಳಿ ಪಡೆಯಿರಿ. ಪಕ್ಕದಲ್ಲಿ ಮಕ್ಕಳಿದ್ದರೆ ಕಾಗಿಣಾ, ಭೀಮಾ, ಕೃಷ್ಣಾ, ತುಂಗಭದ್ರಾ, ಪಿನಾಕಿನಿ ಎಂದು ಬೆರಳು ಮಡಿಸಿ ಎಣಿಸುವುದನ್ನು ಕಲಿಸಿ. ಆ ಒಂದು ಗಂಟೆ ಕಿಟಕಿಯ ಪರದೆ ಎಳೆಯಬೇಡಿ.